ಎರಡು ವಿಭಾಗಗಳ ನಡುವೆ ಒಂದು ಹಾವುರಾಣಿ

ಹಾವುರಾಣಿ: ಇಲ್ಲ.

ವರದಿಯಲ್ಲಿ ಇದ್ದದ್ದು ಅಷ್ಟೇ. ಎರಡು ಪದ, ಕೊನೆಗೊಂದು ಚುಕ್ಕಿ. ಆ ಚುಕ್ಕಿ ನೋಡಿಯೇ ರಾಣಿಯಮ್ಮನಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಇಲ್ಲ ಎನ್ನುವವರು ಒಂದಿಷ್ಟು ಅಳುಕಿನಿಂದ ಅನ್ನಬಾರದೆ? ಕಾಣಲಿಲ್ಲ ಎನ್ನಬಹುದು, ಸಿಗಲಿಲ್ಲ ಎನ್ನಬಹುದು, ನಾವು ಹೋದಾಗ ಮನೆಯಲ್ಲಿರಲಿಲ್ಲ ಎಂದರೂ ಒಂದು ಮರ್ಯಾದೆ. ಬಾಗಿಲು ದಬದಬ ಬಡಿದು, ಒಳಗಿನವರು ಹೆದರಿ ಮಂಚದಡಿ ಅವಿತುಕೊಂಡರೆ, ಈ ಮನೆಯಲ್ಲಿ ಯಾರೂ ಹುಟ್ಟಿಯೇ ಇಲ್ಲ ಎಂದು ಬರೆದುಕೊಂಡು ಹೋಗುವ ಜನಕ್ಕೆ ಏನೆನ್ನಬೇಕು?

ರಾಣಿಯಮ್ಮ ಎಂಬುದು ಅವಳ ಹೆಸರಲ್ಲ. ಅವಳು ಪ್ರಾಣಿಗಣತಿ ಕಚೇರಿಯಲ್ಲಿ ನೆಲದ ವಿಭಾಗದ ಮುಖ್ಯಸ್ಥೆ. ಹಾವುರಾಣಿಯ ಮಾತೆತ್ತಿದರೆ ಊಟದ ಹೊತ್ತು ಮೀರಿದರೂ ಬಿಡುವುದಿಲ್ಲವೆಂದು ಸಿಬ್ಬಂದಿಯವರು ಬೆನ್ನ ಹಿಂದೆ ಇಟ್ಟ ಹೆಸರು ಅದು. ಬೆನ್ನ ಹಿಂದೆ ಎಂದು ಅವರು ತಿಳಿದಿದ್ದರು. ಅವಳ ಕಿವಿ ಬೆನ್ನಿನ ಕಡೆಗೇ ಹೆಚ್ಚು ಚುರುಕು.

ಹಾವುರಾಣಿಯನ್ನು ನೋಡದವರಿಲ್ಲ, ನಿಂತು ನೋಡಿದವರೂ ಇಲ್ಲ. ಹೂಕುಂಡ ಸರಿಸಿದಾಗ ಹೊಳೆಯುವ ಮೈಯೊಂದು ಸರಕ್ಕನೆ ಹರಿದು ಗೋಡೆಯ ಬಿರುಕಿನಲ್ಲಿ ಮಾಯವಾಗುತ್ತದಲ್ಲ, ಹಾವಿಗೆ ಕಾಲು ಮೂಡಿದಂತೆ, ಹಲ್ಲಿಗೆ ಎಣ್ಣೆ ತಿಕ್ಕಿದಂತೆ, ಅದೇ. ಆದರೆ ಬಸ್ ಡಿಪೋದ ಹಿಂದಿನ ತೊರೆಯಲ್ಲಿ ಇದ್ದದ್ದು ಆ ಸಾಮಾನ್ಯ ಜಾತಿಯಲ್ಲ. ಅದು ನೀರು ಹಾವುರಾಣಿ. ಅರ್ಧ ಬಾಳು ಕಲ್ಲಿನ ಮೇಲೆ, ಅರ್ಧ ಬಾಳು ಕಲ್ಲಿನಡಿಯ ನೀರಿನಲ್ಲಿ. ಆ ತೊರೆ ಬಿಟ್ಟರೆ ಇನ್ನೆಲ್ಲೂ ಅದನ್ನು ಯಾರೂ ಕಂಡಿರಲಿಲ್ಲ. ಈಗ ರಸ್ತೆ ಅಗಲ ಮಾಡುವವರು ಆ ತೊರೆಯನ್ನು ಒಂದು ಸಿಮೆಂಟ್ ಕೊಳವೆಯೊಳಗೆ ತುಂಬಿ, ಮೇಲೆ ಮಣ್ಣು ಹಾಕಿ, ಮಣ್ಣಿನ ಮೇಲೆ ಟಾರು ಹಾಕಲು ಹೊರಟಿದ್ದರು. ತಿಂಗಳ ಕೊನೆಗೆ ವಿಚಾರಣೆ. ತೊರೆಯಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ ಏನಾದರೂ ಇದೆಯೇ ಎಂದು ಕೇಳಿದ್ದಕ್ಕೆ ಕಚೇರಿ ಕೊಟ್ಟ ಉತ್ತರ, ಆ ಎರಡು ಪದ ಮತ್ತು ಚುಕ್ಕಿ.

ಇದು ಹೇಗಾಯಿತು ಎಂದು ತಿಳಿಯಬೇಕಾದರೆ ಆ ಕಚೇರಿಯ ಮೆಟ್ಟಿಲು ಹತ್ತಬೇಕು. ಹತ್ತಿದರೆ ಎಡಕ್ಕೆ ನೀರಿನ ವಿಭಾಗ, ಬಲಕ್ಕೆ ನೆಲದ ವಿಭಾಗ. ಎಡಗಡೆ ಒದ್ದೆ ಬಲೆಯ ನಾತ, ಬಲಗಡೆ ಫಿನಾಯಿಲ್. ನಡುವೆ ನಿರ್ದೇಶಕರ ಕೋಣೆ. ಅಲ್ಲಿ ವಾಸನೆಯೂ ಇಲ್ಲ, ಪ್ರಾಣಿಯೂ ಇಲ್ಲ. ತೊರೆಯೋ ಕೆರೆಯೋ, ಎಲ್ಲಿಗೆ ಹೋದರೂ ನೀರಿನವರು ಮೊದಲು ನೀರಿನಂಚಿಗೆ ಒಂದು ಹಳದಿ ಹಗ್ಗ ಕಟ್ಟುತ್ತಾರೆ. ಹಗ್ಗದ ಒಳಗಿದ್ದದ್ದು ಅವರ ಲೆಕ್ಕ, ಹೊರಗಿದ್ದದ್ದು ನೆಲದವರ ಲೆಕ್ಕ. ಮೀನಿಗೆ ಇದರಿಂದ ತೊಂದರೆಯಿಲ್ಲ, ಇಲಿಗೂ ಇಲ್ಲ. ಕಪ್ಪೆಯ ವಿಷಯದಲ್ಲಿ ಹಿಂದೊಮ್ಮೆ ಮಾತಿಗೆ ಮಾತು ಬೆಳೆದು, ಬಾಲ ಇರುವವರೆಗೆ ಅವರದು, ಬಾಲ ಕರಗಿದ ಮೇಲೆ ಇವರದು ಎಂದು ರಾಜಿಯಾಗಿತ್ತು. ಹಾವುರಾಣಿಗೆ ಬಾಲ ಕೊನೆಯವರೆಗೂ ಇರುತ್ತದೆ. ಅದರ ಬಗ್ಗೆ ಯಾರೂ ರಾಜಿ ಮಾಡಿಕೊಂಡಿರಲಿಲ್ಲ.

ಸಾಲದ್ದಕ್ಕೆ ಕಚೇರಿಗೆ ಇದ್ದದ್ದು ಒಂದೇ ಜೀಪು. ಒಂದು ದಿನ ಅವರು ಹೋದರೆ ಮರುದಿನ ಇವರು. ಎರಡೂ ವಿಭಾಗದವರು ಒಂದೇ ದಿನ ಒಂದೇ ತೊರೆಗೆ ಇಳಿದ ಉದಾಹರಣೆ ಕಚೇರಿಯ ಚರಿತ್ರೆಯಲ್ಲಿ ಇಲ್ಲ.

ನೀರು ಹಾವುರಾಣಿಗೆ ಈ ಏರ್ಪಾಟು ಹೇಳಿ ಮಾಡಿಸಿದಂತಿತ್ತು. ನೆಲದವರು ದಡದುದ್ದಕ್ಕೂ ಬೂಟು ಕುಟ್ಟಿಕೊಂಡು ಬರುತ್ತಾರೆ. ಕಲ್ಲಿನ ಮೇಲೆ ಬಿಸಿಲು ಕಾಯುತ್ತಿದ್ದ ಪ್ರಾಣಿಗೆ ಆ ಕಂಪನ ಹೊಟ್ಟೆಯಲ್ಲಿ ತಿಳಿಯುತ್ತದೆ. ಸದ್ದಿಲ್ಲದೆ ನೀರಿಗೆ ಜಾರುತ್ತದೆ. ನೀರಿನಲ್ಲಿ ನೋಡುವುದು ನೆಲದವರ ಕೆಲಸವಲ್ಲ. ಮರುದಿನ ನೀರಿನವರು ಬಲೆ ಹಿಡಿದು ತೊರೆಗಿಳಿದು ಕಲಕುತ್ತಾರೆ. ಅದು ದಡಕ್ಕೆ ಹತ್ತಿ ಹುಲ್ಲಿನೊಳಗೆ ಹೋಗುತ್ತದೆ. ಹುಲ್ಲಿನಲ್ಲಿ ನೋಡುವುದು ನೀರಿನವರ ಕೆಲಸವಲ್ಲ. ಹೀಗೆ ಹೆಜ್ಜೆಗೊಂದು ಹಾವುರಾಣಿ ಇದ್ದ ತೊರೆಯಲ್ಲಿ, ಎರಡೂ ವಿಭಾಗದವರು ಪ್ರಾಮಾಣಿಕವಾಗಿ ದುಡಿದು, ಬೆವರು ಸುರಿಸಿ, ಒಂದೂ ಇಲ್ಲವೆಂದು ಬರೆದಿದ್ದರು.

ರಾಣಿಯಮ್ಮ ಮಾತ್ರ ರಜೆಯ ದಿನಗಳಲ್ಲಿ ಒಬ್ಬಳೇ ಹೋಗಿ, ಡಿಪೋದ ಗೋಡೆಗೆ ಒರಗಿ, ಕಲ್ಲಿಗೆ ಕಲ್ಲಾಗಿ ಕೂತು ಅದನ್ನು ನೋಡಿದ್ದಳು. ಆದರೆ ರಜೆಯ ದಿನ ಕಂಡದ್ದು ಕಚೇರಿಯ ಲೆಕ್ಕಕ್ಕೆ ಬರುವುದಿಲ್ಲ. ಪ್ರಾಣಿಗಳು ಕೆಲಸದ ದಿನವೇ ಕಾಣಿಸಿಕೊಳ್ಳಬೇಕು.

ಸಿಟ್ಟು ತೀರಿಸಿಕೊಳ್ಳಲು ಅವಳು ದೂರ ಹೋಗಬೇಕಾಗಿರಲಿಲ್ಲ. ನೀರಿನ ವಿಭಾಗದ ಮುಖ್ಯಸ್ಥ ಅವಳ ಸ್ವಂತ ಮೈದುನ. ಮದುವೆಯಾಗದ ಆಸಾಮಿ, ಇವರ ಮನೆಯಲ್ಲೇ ವಾಸ, ಸಂಜೆಯಾದರೆ ಅವಳೆದುರೇ ತಟ್ಟೆ ಎಳೆದುಕೊಂಡು ಕೂರುವವನು. ಕಚೇರಿಯಲ್ಲಿ ಇಬ್ಬರೂ ಪರಸ್ಪರ ತಾವು, ನೀವು. ಮನೆಯಲ್ಲಿ ಅವನಿಗೆ ಅವಳು ಅತ್ತಿಗೆ, ಅವಳಿಗೆ ಅವನು ಬರೀ ನೀನು. ಅವತ್ತು ಮನೆಯಲ್ಲೂ ಅವಳು ಅವನನ್ನು 'ನೀವು' ಎಂದಾಗಲೇ ಅವನು ಹುಷಾರಾಗಬೇಕಿತ್ತು. ಹಸಿವಿನಲ್ಲಿದ್ದ, ಗಮನಿಸಲಿಲ್ಲ.

"ಅತ್ತಿಗೆ, ಅದಕ್ಕೆ ಕಾಲೆಷ್ಟು?" ಎಂದ.

"ನಾಲ್ಕು."

"ಕಿವಿರು?"

"ಇಲ್ಲ."

"ಈಗ ನೀವೇ ಹೇಳಿ, ಅದು ಯಾರದು?"

"ನಿಮಗೆ ಕಾಲೆಷ್ಟು? ದಿನವಿಡೀ ನೀರಲ್ಲೇ ಬಿದ್ದಿರ್ತೀರ. ನಿಮ್ಮನ್ನ ಯಾವ ವಿಭಾಗಕ್ಕೆ ಬರ್ಕೊಳ್ಳಲಿ?"

"ತಿನ್ನೋ ವಿಭಾಗಕ್ಕೆ ಬರ್ಕೊಳ್ಳೇ," ಎಂದಳು ಅತ್ತೆ, ಮಗನ ತಟ್ಟೆಗೆ ಇನ್ನೊಂದು ಮೊಟ್ಟೆ ಜಾರಿಸುತ್ತ. ಅತ್ತೆಗೆ ಇಬ್ಬರ ಕೆಲಸದ ಮೇಲೂ ಸಮಾನ ಅಗೌರವ. ಹುಳ ಎಣಿಸೋದಕ್ಕೆ ಇಬ್ಬರು ಮುಖ್ಯಸ್ಥರೇ ಎಂದು ಅವಳು ಕೇಳದ ವಾರವಿಲ್ಲ.

ರಾಣಿಯಮ್ಮನ ಗಂಡ ಕಟ್ಟುಹಲ್ಲು ಮಾಡುವ ಕಸುಬಿನವನು. ಇಡೀ ದಿನ ಕಂಡವರ ಬಾಯಿಯ ಅಚ್ಚುಗಳ ನಡುವೆ ಕೂತು ಬಂದವನಿಗೆ ಮನೆಯಲ್ಲಿ ಬಾಯಿ ತೆರೆಯುವ ಆಸೆ ಇರುತ್ತಿರಲಿಲ್ಲ. ತಮ್ಮನನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ ತಟ್ಟೆಯ ಕಡೆಗೆ ಬಗ್ಗಿದ.

ಮೈದುನ ವಾದಕ್ಕೆ ಇಳಿದ. ಬಲೆಗೆ ಅವು ಬೀಳುವುದುಂಟು ಎಂದು ಯಾವ ಸಂಕೋಚವೂ ಇಲ್ಲದೆ ಒಪ್ಪಿಕೊಂಡ. ಬಿದ್ದರೆ ಅವನ ಹುಡುಗರು ಅದನ್ನು ದಡಕ್ಕೆ ಎಸೆಯುತ್ತಾರಂತೆ. ಇನ್ನೊಬ್ಬರ ವಸ್ತು ಇಟ್ಟುಕೊಳ್ಳುವ ಅಭ್ಯಾಸ ತನ್ನ ವಿಭಾಗಕ್ಕಿಲ್ಲ, ನಿಮ್ಮದನ್ನು ನಿಮ್ಮ ಕಡೆಗೆ ತಲುಪಿಸಿದ್ದೇವೆ ಎಂದ. ತಲುಪಿಸಿದ ದಿನ ನಮ್ಮ ಕಡೆ ಯಾರಿದ್ದರು ಎಂದು ಅವಳು ಕೇಳಿದಳು. ಜೀಪು ಒಂದೇ ಅಲ್ಲವೇ ಅತ್ತಿಗೆ ಎಂದ.

ಅವಳ ತಾಪತ್ರಯ ಅಲ್ಲಿಗೆ ಮುಗಿಯುವಂಥದ್ದಲ್ಲ. ಕಾನೂನು ಸರಳವಾಗಿತ್ತು, ಸರಳವಾದವುಗಳಿಗೆ ಇರುವ ಕ್ರೌರ್ಯವೂ ಅದಕ್ಕಿತ್ತು. ನೀರಿನ ಪ್ರಾಣಿ ಎಂದಾದರೆ ಅದರ ನೀರನ್ನು ಮುಚ್ಚುವಂತಿಲ್ಲ. ನೆಲದ ಪ್ರಾಣಿ ಎಂದಾದರೆ ಅದನ್ನು ಹಿಡಿದು ಇನ್ನೊಂದು ನೆಲಕ್ಕೆ ಬಿಡಬಹುದು. ನೆಲ ಎಲ್ಲ ಕಡೆಯೂ ಇದೆಯಲ್ಲ. ಅಂದರೆ ರಾಣಿಯಮ್ಮ ತನ್ನದೇ ಲೆಕ್ಕದಲ್ಲಿ ಅದನ್ನು ಬರೆದರೆ ತನ್ನ ಕೈಯಾರೆ ಅದನ್ನು ಡಬ್ಬಿಗೆ ತುಂಬಿದಂತೆ. ಬರೆಯಬೇಕಾದವನು ಮೈದುನ. ಮೈದುನನ ನಿಯಮ ಒಂದೇ: "ನೀರಲ್ಲಿ ಕೂತಿದ್ದೆಲ್ಲ ನೀರಿನ ಪ್ರಾಣಿ ಆಗಲ್ಲ ಅತ್ತಿಗೆ. ಎಮ್ಮೆನೂ ಕೂರುತ್ತೆ. ಎಲ್ಲಿ ಹುಟ್ಟುತ್ತೋ ಅದೇ ಅದರ ಮನೆ. ಅದು ನೀರಲ್ಲಿ ಹುಟ್ಟುತ್ತೆ ಅಂತ ತೋರಿಸಿ, ನಾಳೆನೇ ಸಹಿ ಹಾಕ್ತೀನಿ."

ರಜೆಯ ದಿನ ಅವಳು ಅವನನ್ನು ತೊರೆಗೆ ಎಳೆದುಕೊಂಡು ಹೋದಳು. ಬೂಟು ಕಳಚಿಸಿದಳು. ಅವನಿಗೆ ಜೀವನದಲ್ಲಿ ಅತಿ ಕಷ್ಟದ ಕೆಲಸವೆಂದರೆ ಸುಮ್ಮನೆ ಕೂರುವುದು, ಅದನ್ನೇ ಮಾಡಿಸಿದಳು. ಡಿಪೋದೊಳಗೆ ಬಸ್ಸುಗಳು ಎಂಜಿನ್ ಕಾಯಿಸಿಕೊಳ್ಳುತ್ತಿದ್ದವು. ತೊರೆ ಆ ತಿಂಗಳಲ್ಲಿ ಒಬ್ಬರು ಹಾರಿ ದಾಟುವಷ್ಟೇ ಅಗಲವಿತ್ತು. ಒಂದು ಟೈರು, ಒಂದು ಮುರಿದ ಪ್ಲಾಸ್ಟಿಕ್ ಕುರ್ಚಿ, ಅವುಗಳ ನಡುವೆ ತಿಳಿಯಾದ ನೀರು.

ಮೊದಲು ಬಂದದ್ದು ಮೂತಿ. ಕಲ್ಲಿನ ಬುಡದಲ್ಲಿ ನೀರಿನಿಂದ ಹೆಬ್ಬೆರಳಿನ ಉಗುರಿನಷ್ಟು ತಲೆ ಎದ್ದಿತು. ಮೂಗಿನ ಹೊಳ್ಳೆಗಳು ನೆತ್ತಿಯ ಕಡೆಗೆ ತಿರುಗಿದ್ದವು, ಹೀಗಾಗಿ ಉಳಿದ ಮೈಯನ್ನು ಹೊರಗೆ ತೋರಿಸದೆಯೇ ಅದು ಉಸಿರಾಡಬಲ್ಲದು. ಆಮೇಲೆ ಒಂದೊಂದೇ ಕಾಲಿಟ್ಟು ಕಲ್ಲು ಹತ್ತಿತು. ಗೇಣುದ್ದ. ಬೆನ್ನು ಕಾಫಿಬೀಜದ ಬಣ್ಣ, ಪಕ್ಕೆ ತುಕ್ಕಿನ ಬಣ್ಣ. ಬೇರೆ ಹಾವುರಾಣಿಗಳ ಮೈ ಗಾಜಿನಂತೆ ನುಣುಪು. ಇದರ ಹುರುಪೆಗಳಿಗೆ ಮಾತ್ರ ನಡುವೆ ಸಣ್ಣ ಏಣು, ಮುಟ್ಟಿದರೆ ಅರದಂತೆ ತರಿತರಿ. ಹರಿವ ನೀರಿನಲ್ಲಿ ಕಲ್ಲಿಗೆ ಕಚ್ಚಿಕೊಳ್ಳಲು ಅದು ಬೇಕು. ಬಾಲ ಗುಂಡಗಿರಲಿಲ್ಲ, ಎರಡು ಬದಿಯಿಂದ ಒತ್ತಿದಂತೆ ಚಪ್ಪಟೆ, ಥೇಟು ದೋಣಿಯ ಹುಟ್ಟು.

ರಾಣಿಯಮ್ಮ ಹಿಮ್ಮಡಿಯನ್ನು ಒಮ್ಮೆ ನೆಲಕ್ಕೆ ಕುಟ್ಟಿದಳು. ಪ್ರಾಣಿ ಕಲ್ಲಿನ ಮೇಲಿಂದ ಇಳಿದದ್ದನ್ನು ಮೈದುನ ನೋಡಲೇ ಇಲ್ಲ. ಅದು ನೀರಿನ ತಳದಲ್ಲಿದ್ದದ್ದನ್ನಷ್ಟೇ ಕಂಡ. ನಾಲ್ಕೂ ಕಾಲನ್ನು ಮೈಗೆ ಅಂಟಿಸಿಕೊಂಡು ಹಾವಿನಂತೆ ಬಳುಕಿ ಹೋಗಿ ಒಂದು ಬೇರನ್ನು ಹಿಡಿದು ನಿಂತಿತ್ತು. ಮೂತಿಯ ಮೇಲೆ ಒಂದು ಗಾಳಿಗುಳ್ಳೆ. ಗುಳ್ಳೆ ಉಬ್ಬುತ್ತಿತ್ತು, ಕುಗ್ಗುತ್ತಿತ್ತು, ಒಡೆಯುತ್ತಿರಲಿಲ್ಲ. ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಿದೆ ಎಂದು ಅವಳು ಪಿಸುಗುಟ್ಟಿದಳು. ಅಲ್ಲಿದ್ದುಕೊಂಡೇ ಅದು ಒಂದು ಗೊದಮೊಟ್ಟೆಯನ್ನು ಹಿಡಿದು ನುಂಗಿತು, ಗುಳ್ಳೆ ಅಲುಗದಂತೆ.

ಮೈದುನ ನೀರಿನ ಕಡೆಗೆ ಇನ್ನಷ್ಟು ಬಗ್ಗಿದ. ನೀರನ್ನೇ ಉಂಡು ಬೆಳೆದವನು ಅವನು. ನೀರಿನಲ್ಲಿ ಚೆನ್ನಾಗಿ ಬದುಕುವುದನ್ನು ಕಂಡರೆ ಅವನಿಗೆ ಗೌರವ ಹುಟ್ಟುತ್ತದೆ. "ಪರವಾಗಿಲ್ಲ ಕಣ್ರೀ ಇದು," ಎಂದ. ಅವನ ಬಾಯಲ್ಲಿ ಅದು ಶಿಫಾರಸು ಪತ್ರ. ಆಮೇಲೆ ಕೇಳಿದ, "ಮರಿ?"

ಇಲ್ಲಿ ರಾಣಿಯಮ್ಮ ಸುಮ್ಮನಿರಬಹುದಿತ್ತು. ಎದ್ದು, ನೀರಿನಿಂದ ನಾಲ್ಕಾರು ಹೆಜ್ಜೆ ಮೇಲೆ, ಬಿಸಿಲಿಗೆ ಒಣಗಿದ್ದ ಒಂದು ಚಪ್ಪಟೆ ಕಲ್ಲನ್ನು ಮೆಲ್ಲನೆ ಎತ್ತಿದಳು. ಅಡಿಯಲ್ಲಿ ಒಂದು ಹೆಣ್ಣು ಅರ್ಧಚಂದ್ರದಂತೆ ಬಾಗಿ ಮಲಗಿತ್ತು. ಅದರ ಮಡಿಲಿನಲ್ಲಿ ಬೆಂಕಿಕಡ್ಡಿಯಷ್ಟುದ್ದದ ಮರಿಗಳು, ಇನ್ನೂ ಪೊರೆಯ ಪಸೆ ಆರಿರಲಿಲ್ಲ. ಈ ಜಾತಿ ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ, ಹಾಕಿ ತಾಯಿ ಅಲ್ಲಿಂದ ಕದಲುವುದಿಲ್ಲ ಎಂದು ಹೇಳಿದಳು. ಸಂಜೆಯೊಳಗೆ ಮರಿಗಳು ತಾವಾಗಿ ನೀರಿಗಿಳಿಯುತ್ತವೆ, ಯಾರೂ ಈಜು ಕಲಿಸಬೇಕಿಲ್ಲ. ಕಲ್ಲನ್ನು ಮೊದಲಿದ್ದಂತೆಯೇ ಇಟ್ಟಳು.

"ಇದು ಹಗ್ಗದಿಂದಾಚೆ," ಎಂದ ಮೈದುನ. ಅವನ ದನಿಯಲ್ಲಿ ಗೆಲುವಿರಲಿಲ್ಲ. "ಅಲ್ಲ ಅತ್ತಿಗೆ, ಗುಳ್ಳೆ ತೋರಿಸಿದಾಗಲೇ ನೀವು ಗೆದ್ದಾಗಿತ್ತು. ಆ ಕಲ್ಲು ಯಾಕೆ ಎತ್ತಿದ್ರಿ?"

"ನೀನು ಕೇಳ್ದೆ."

"ಕೇಳಿದ್ದಕ್ಕೆಲ್ಲ ನಿಜ ಹೇಳ್ತಾ ಕೂತ್ರೆ ಕಚೇರಿ ನಡೆಯುತ್ತಾ?"

ಹಿಂತಿರುಗುವಾಗ ಅವಳಿಗೆ ಹಾವುರಾಣಿಯ ಮೇಲೂ ಸಿಟ್ಟು ಬಂದಿತ್ತು. ಇಷ್ಟೆಲ್ಲ ನೀರು ಬಿಟ್ಟು ಅಲ್ಲಿ ಹೋಗಿ ಹೆರಬೇಕೆಂದು ಯಾರು ಹೇಳಿದ್ದರು? ಮೀನಿನಂತೆ ಬದುಕಿ ಹೆರಿಗೆಗೆ ಮಾತ್ರ ನೆಲಕ್ಕೆ ಬರುವ ಈ ಸೊಗಸು ಎಲ್ಲಿಂದ ಬಂತು? ಮರುಕ್ಷಣವೇ ತನ್ನ ಮೇಲೆ ಸಿಟ್ಟು ಬಂತು. ಅದು ಎಲ್ಲಿ ಹೆರಬೇಕೋ ಅಲ್ಲಿ ಹೆರುತ್ತದೆ. ಅದನ್ನು ಕೇಳಿ ಯಾರೂ ವಿಭಾಗ ಮಾಡಿರಲಿಲ್ಲ.

ಮಾರನೆಯ ದಿನ ನಿರ್ದೇಶಕರು ಅವಳನ್ನು ಕರೆಸಿ ಕೂರಿಸಿದರು. ಅವರು ಒಳ್ಳೆಯ ಮನುಷ್ಯ, ಯಾರ ಮನಸ್ಸನ್ನೂ ನೋಯಿಸದೆ ನಿವೃತ್ತಿಯ ಹತ್ತಿರ ಬಂದಿದ್ದರು. ವಿಷಯ ಮೈದುನನಿಂದ ಅವರ ಕಿವಿಗೆ ಬಿದ್ದಿತ್ತು. ಅವರಿಗೂ ತೊರೆಯನ್ನು ಮುಚ್ಚುವುದು ಇಷ್ಟವಿರಲಿಲ್ಲವಂತೆ. ಆದ್ದರಿಂದ ಮೇಜಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತ ಒಂದು ದಾರಿ ಸೂಚಿಸಿದರು. ವಿಚಾರಣೆಯಲ್ಲಿ ಮರಿ ಎಲ್ಲಿ ಹಾಕುತ್ತದೆಂದು ತಾವೇ ಕೇಳುತ್ತಾರೆ. ಅವಳು ನೀರಿನಲ್ಲಿ ಎಂದುಬಿಟ್ಟರೆ ಆಯಿತು. ಯಾರು ಹೋಗಿ ಕಲ್ಲೆತ್ತಿ ನೋಡುತ್ತಾರೆ?

ರಾಣಿಯಮ್ಮ ಎದ್ದು ನಿಂತಳು. "ಇದ್ದದ್ದನ್ನ ಇಲ್ಲ ಅಂತ ಬರೆದಾಯ್ತು ಸಾರ್. ಈಗ ಇಲ್ಲದ್ದನ್ನ ಇದೆ ಅಂತ ಬರೀಬೇಕಾ? ಒಂದು ಸಲನಾದ್ರೂ ಈ ಕಚೇರಿ ಆ ಪ್ರಾಣಿ ಹೇಗಿದೆಯೋ ಹಾಗೆ ಬರೀಬಾರದಾ?"

"ಹಾಗೆ ಬರೆಯೋಕೆ ನಮ್ಮಲ್ಲಿ ಜಾಗ ಇಲ್ಲಮ್ಮ," ಎಂದರು ಅವರು, ಬೇಸರದಿಂದಲೇ.

ಆ ವಾರವೆಲ್ಲ ಮನೆಯಲ್ಲಿ ಪಾತ್ರೆಗಳು ಸದ್ದು ಮಾಡಿದವು. ಅವಳು ಯಾರೊಡನೆಯೂ ಮಾತಾಡಲಿಲ್ಲ, ಆದರೆ ಯಾರಿಗೂ ಕೇಳಿಸದಂತೆ ಇರಲಿಲ್ಲ. ಒಂದು ಸುಳ್ಳು ಹೇಳಿದರೆ ತೊರೆ ಉಳಿಯುತ್ತದೆ. ಹೇಳದಿದ್ದರೆ ಆ ತಾಯಂದಿರು ಸಿಮೆಂಟಿನ ಅಡಿಗೆ. ಹಾಗಿದ್ದರೂ ಸುಳ್ಳು ನಾಲಿಗೆಗೆ ಬರುತ್ತಿರಲಿಲ್ಲ. ಸತ್ಯಸಂಧತೆಯ ಜಂಬ ಅದಕ್ಕೆ ಕಾರಣವಾಗಿರಲಿಲ್ಲ. ಅಷ್ಟು ವರ್ಷ ಗೋಡೆಗೊರಗಿ ನೋಡಿ ನೋಡಿ ಆ ಪ್ರಾಣಿಯ ಬಗ್ಗೆ ಅವಳಿಗೆ ಗೊತ್ತಿದ್ದ ವಿಷಯಗಳಲ್ಲಿ ಅತಿ ಚೆಂದದ್ದು ಆ ಒಣಕಲ್ಲಿನಡಿಯ ಬಾಗಿದ ಮೈ. ಅದನ್ನೇ ಅಳಿಸಿಹಾಕಿ ಉಳಿಸುವುದೆಂದರೆ ಏನನ್ನು ಉಳಿಸಿದಂತೆ?

"ಬಾಣಂತಿ ಎಲ್ಲಿ ಹೆತ್ರೆ ಇವರಪ್ಪಂದೇನು ಗಂಟು ಹೋಗುತ್ತೆ?" ಎಂದು ಅತ್ತೆ ಗೋಡೆಗೆ ಕೇಳಿದಳು. ಗಂಡ ಅಂದು ಮೊದಲ ಬಾರಿಗೆ ಬಾಯಿ ತೆರೆದ. ಹಲ್ಲು ಕಟ್ಟುವಾಗ ದವಡೆ ಹೇಗಿದೆಯೋ ಹಾಗೆ ಹಲ್ಲು ಮಾಡಬೇಕು, ಹಲ್ಲು ಹೇಗಿದೆಯೋ ಹಾಗೆ ದವಡೆ ಕೊಯ್ಯಲಾಗದು ಎಂದ. ಎಲ್ಲರೂ ಅವನ ಮುಖ ನೋಡಿದರು. ಅವನು ಮತ್ತೆ ಬಾಯಿ ಮುಚ್ಚಿದ. ಮೈದುನ ತಲೆ ತಗ್ಗಿಸಿ ಉಂಡೆದ್ದ.

ವಿಚಾರಣೆ ನಡೆದದ್ದು ರಸ್ತೆ ಕಚೇರಿಯ ಉದ್ದನೆಯ ಕೋಣೆಯಲ್ಲಿ. ಮೇಜಿನ ಮೇಲೆ ರಸ್ತೆಯ ನಕ್ಷೆ ಹಾಸಿದ್ದರು. ಅದರಲ್ಲಿ ತೊರೆ ಇರಲಿಲ್ಲ; ಆಗಲೇ ಕೊಳವೆಯಾಗಿತ್ತು, ಎರಡು ಅಚ್ಚುಕಟ್ಟಾದ ಗೆರೆ. ರಸ್ತೆಯ ಎಂಜಿನಿಯರ್ ಹಸನ್ಮುಖಿ, ಎಲ್ಲರಿಗೂ ಚಹಾ ತರಿಸಿದ.

ನಿರ್ದೇಶಕರು ಗಂಟಲು ಸರಿಮಾಡಿಕೊಂಡು, ಅವಳ ಕಣ್ಣನ್ನೇ ನೋಡುತ್ತ, ಮಗುವಿಗೆ ಮೆಟ್ಟಿಲು ತೋರಿಸುವಷ್ಟು ಮೃದುವಾಗಿ ಕೇಳಿದರು: "ಈ ಪ್ರಾಣಿ ಮರಿ ಹಾಕೋದು ನೀರಲ್ಲೇ ತಾನೇ?"

"ಅಲ್ಲ ಸಾರ್. ದಡದಲ್ಲಿ. ಒಣಗಿದ ಕಲ್ಲಿನ ಕೆಳಗೆ."

ನಿರ್ದೇಶಕರು ಕಣ್ಣುಮುಚ್ಚಿಕೊಂಡರು. ಅವಳು ನಿಲ್ಲಿಸಲಿಲ್ಲ. ಅದು ನೀರಿನಲ್ಲಿ ಉಣ್ಣುತ್ತದೆ, ನೀರಿನಲ್ಲಿ ಅಡಗುತ್ತದೆ, ನೀರಿನೊಳಗೆ ತನ್ನ ಉಸಿರನ್ನು ಗುಳ್ಳೆ ಕಟ್ಟಿಕೊಂಡು ಇಟ್ಟುಕೊಳ್ಳುತ್ತದೆ. ಬಿಸಿಲಿಗೆ ಮತ್ತು ಹೆರಿಗೆಗೆ ದಡಕ್ಕೆ ಬರುತ್ತದೆ. ಎರಡರಲ್ಲಿ ಒಂದನ್ನು ಕಿತ್ತುಕೊಂಡರೂ ಅದು ಬದುಕುವುದಿಲ್ಲ ಎಂದು ಹೇಳಿದಳು. ದನಿ ಏರಿದ್ದು ಅವಳಿಗೇ ತಿಳಿಯಲಿಲ್ಲ.

ಎಂಜಿನಿಯರ್ ತುಂಬ ಗೌರವದಿಂದ ಕೇಳಿಸಿಕೊಂಡ. "ಹಾಗಾದ್ರೆ ನೆಲದ್ದೇ ಆಯ್ತಲ್ಲ ಮೇಡಂ. ಚಿಂತೆ ಬೇಡ. ನಮ್ಮ ಕೆಲಸಗಾರರು ಹಿಡಿದು ಡಬ್ಬಿಗೆ ಹಾಕಿ ಪಾರ್ಕಲ್ಲಿ ಬಿಡ್ತಾರೆ. ಅಲ್ಲಿ ಹುಲ್ಲೂ ಚೆನ್ನಾಗಿದೆ." ಅಲ್ಲಿಗೆ ನಿಲ್ಲಿಸಿದ್ದರೆ ಅವನ ರಸ್ತೆ ನೆಟ್ಟಗೆ ಹೋಗುತ್ತಿತ್ತು. ಗೆದ್ದವನಿಗೆ ನಾಲಿಗೆ ತುರಿಸುತ್ತದೆ. ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಮೈದುನನ ಕಡೆ ತಿರುಗಿ ನಕ್ಕ. "ನಿಜ ಹೇಳ್ಬೇಕಂದ್ರೆ ಅದೇನು ತೊರೇನಾ? ನಮ್ಮ ಮನೆ ಬಚ್ಚಲಲ್ಲಿ ಅದಕ್ಕಿಂತ ಜಾಸ್ತಿ ಹರಿಯುತ್ತೆ. ಅದಕ್ಕೊಂದು ವಿಭಾಗ ಬೇರೆ, ಒಬ್ಬ ಮುಖ್ಯಸ್ಥ ಬೇರೆ."

ಮೈದುನನ ಕಿವಿ ಕೆಂಪಾದದ್ದನ್ನು ರಾಣಿಯಮ್ಮ ನೋಡಿದಳು. ಅವನು ನಿಧಾನವಾಗಿ ಎದ್ದ.

"ಬಚ್ಚಲು ಅಂದ್ರಾ?" ಎಂದ. "ಮಳೆ ಬಂದಾಗ ಆ ಕಡೆ ಹೋಗಿದ್ದೀರಾ? ಡಿಪೋ ಗೋಡೆ ಮೇಲೆ ಪಾಚಿ ಗೆರೆ ಇದೆ, ನಿಮ್ಮ ಸೊಂಟಕ್ಕೆ ಬರುತ್ತೆ. ನೀರು ಅಲ್ಲೀತನಕ ನಿಂತದ್ದಕ್ಕೆ ಆ ಗೆರೆ. ನೀರಿನ ಅಂಚು ಅಂದ್ರೆ ನೀರು ತುಂಬಿದಾಗಿನ ಅಂಚು. ನಿಮ್ಮ ಸೇತುವೆಗಳಿಗೂ ನೀವು ಅದನ್ನೇ ಹಿಡೀತೀರಿ, ಹೌದೋ ಅಲ್ವೋ?"

ಎಂಜಿನಿಯರ್ ಹೌದೆನ್ನಲೇಬೇಕಾಯಿತು. ಅದನ್ನು ಹಿಡಿಯದೆ ಕಟ್ಟಿದ ಸೇತುವೆಗಳ ಗತಿ ಅವನಿಗೆ ಗೊತ್ತಿತ್ತು.

"ಹಂಗಾದ್ರೆ ನಮ್ಮ ಹಗ್ಗ ಗೋಡೆಗೆ ಕಟ್ಟಬೇಕು. ಗೋಡೆಯಿಂದ ಈಚೆಗೆ ಇರೋದೆಲ್ಲ ನೀರು, ಈ ತಿಂಗಳು ಒಣಗಿದ್ರೂ ನೀರೇ. ಆ ಕಲ್ಲು ನೀರು. ಕಲ್ಲಿನ ಕೆಳಗೆ ಹುಟ್ಟೋದು ನೀರಿನ ಪ್ರಾಣಿ. ನಮ್ಮದು. ಬರ್ಕೊಳ್ಳಿ."

ನಿರ್ದೇಶಕರು ಕಣ್ಣು ತೆರೆದರು. ಮತ್ತೆ ಇಷ್ಟು ಕಾಲ ಹಗ್ಗವನ್ನು ಕೆಳಗೆ ಯಾಕೆ ಕಟ್ಟುತ್ತಿದ್ದಿರಿ ಎಂದು ಕೇಳಿದರು. ನೀರು ತುಂಬಿದಾಗ ಇಳಿಯಲು ಬೂಟು ಗಿಡ್ಡ, ಅದಕ್ಕೆ ನೀರು ಇಳಿದ ಮೇಲೆಯೇ ಹೋಗುತ್ತೇವೆ, ಹೋದಾಗ ಎಲ್ಲಿರುತ್ತದೋ ಅಲ್ಲಿ ಕಟ್ಟುತ್ತೇವೆ ಎಂದ ಮೈದುನ. ಉದ್ದ ಬೂಟು ಬೇಕೆಂದು ತಾನು ಕೇಳಿ ಎಷ್ಟು ಕಾಲವಾಯಿತೆಂದು ನಿರ್ದೇಶಕರಿಗೆ ಚೆನ್ನಾಗಿ ಗೊತ್ತು ಎಂದೂ ಸೇರಿಸಿದ. ನಿರ್ದೇಶಕರು ನಕ್ಷೆಯ ಕಡೆಗೆ ತಿರುಗಿದರು.

ತೊರೆ ಉಳಿಯಿತು. ರಸ್ತೆ ಡಿಪೋದ ಅಂಗಳವನ್ನು ಸ್ವಲ್ಪ ಕಚ್ಚಿಕೊಂಡು ಬಳಸಿ ಹೋಗುವುದೆಂದು ತೀರ್ಮಾನವಾಯಿತು. ಎಲ್ಲರೂ ರಾಣಿಯಮ್ಮನನ್ನು ಅಭಿನಂದಿಸಿದರು. ಅವಳು ಕೊಡೆ ಮರೆತು ಮೆಟ್ಟಿಲಿಳಿದಳು, ಮುಖ ಕೆಂಡವಾಗಿತ್ತು.

ಗೆದ್ದ ಮೇಲೂ ಏನು ಸಿಟ್ಟು ಎಂದು ಸಂಜೆ ಗಂಡ ಕೇಳಿಯೇಬಿಟ್ಟ. ಅವಳು ಬಾಗಿಲು ತೆಗೆದ ಕಟ್ಟೆಯಂತೆ ಹರಿದಳು. ಒಂದು ಹಗ್ಗ. ಅದನ್ನು ಹತ್ತು ಹೆಜ್ಜೆ ಮೇಲೆ ಕಟ್ಟಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆ ಪ್ರಾಣಿ ಬದುಕಲು ಅರ್ಹ ಎಂದು ಯಾರಿಗೂ ಅನ್ನಿಸಲಿಲ್ಲ. ಗುಳ್ಳೆ ಕಟ್ಟಿಕೊಂಡು ಉಸಿರಾಡುತ್ತದೆಂದು ಹೇಳಿದರೆ ಯಾರ ಹುಬ್ಬೂ ಏರಲಿಲ್ಲ. ಒಬ್ಬ ಗಂಡಸಿಗೆ ಇನ್ನೊಬ್ಬ ಗಂಡಸು ಬಚ್ಚಲು ಎಂದದ್ದಕ್ಕೆ ಒಂದು ಜಾತಿ ಉಳಿಯಬೇಕಾಯಿತು. ಆ ಎಂಜಿನಿಯರ್‌ಗೆ ಒಂದಿಷ್ಟು ನಯವಿದ್ದಿದ್ದರೆ?

"ನನಗೆ ಸಿಟ್ಟು ಬಂದದ್ದು ಬಚ್ಚಲು ಅಂದದ್ದಕ್ಕಲ್ಲ," ಎಂದ ಮೈದುನ, ತಟ್ಟೆಯಿಂದ ಮುಖವೆತ್ತದೆ.

"ಮತ್ತಿನ್ಯಾಕೆ?"

ಅವನು ತನ್ನ ತಟ್ಟೆಯ ಮೊಟ್ಟೆಯನ್ನು ಅವಳ ತಟ್ಟೆಗೆ ಸರಿಸಿದ. ಅತ್ತೆ ಇಬ್ಬರಿಗೂ ಬಡಿಸಿ, ಒಬ್ಬರನ್ನೂ ಏನೂ ಕೇಳಲಿಲ್ಲ. ಅದೇ ಆ ಮನೆಯಲ್ಲಿ ಒಂದು ಸುದ್ದಿ.

ನೀರಿನ ಪ್ರಾಣಿ ಎಂದ ಮೇಲೆ ನೀರಿನವರೇ ಎಣಿಸಬೇಕು. ಮುಂದಿನ ವಾರ ಅವರ ಜೀಪಿನ ದಿನ ಅವರು ಹೊಸ ಹಗ್ಗ ಕಟ್ಟಿ ಇಳಿದರು. ನೆಲದ ವಿಭಾಗದ ಮುಖ್ಯಸ್ಥೆಗೆ ಅಲ್ಲಿ ಕೆಲಸವಿರಲಿಲ್ಲ. ಅವಳು ಬಸ್ಸು ಹಿಡಿದು ಬಂದು ಡಿಪೋದ ಗೋಡೆಗೆ ಅಂಟಿ, ಡೀಸೆಲ್ ಹೊಗೆಯಲ್ಲಿ ಕೆಮ್ಮುತ್ತ ನಿಂತಿದ್ದಳು. ತಾನು ಇಷ್ಟು ವರ್ಷ ಕೂತಿದ್ದ ಜಾಗವೆಲ್ಲ ಈಗ ಕಡತದ ಪ್ರಕಾರ ನೀರು. ಮೈದುನ ಸುಮ್ಮನೆ ಕೂರುವುದನ್ನು ಅಷ್ಟೋ ಇಷ್ಟೋ ಕಲಿತಿದ್ದ. ತನ್ನವರನ್ನೂ ಕೂರಿಸಿದ್ದ. ಮೂತಿಯೊಂದು ಎದ್ದಿತು, ಮೈ ಕಲ್ಲೇರಿತು, ಪಕ್ಕೆಗಳು ದಪ್ಪಗಿದ್ದವು. ಅವನು ಬೆಕ್ಕಿನಂತೆ ಕೈ ಚಾಚಿ ಹಿಡಿದ. ಹಿಡಿದದ್ದು ಬಾಲವನ್ನು.

ಹಾವುರಾಣಿಗೆ ಬಾಲ ಕಳಚಿ ಕೊಡುವುದು ಕಷ್ಟವಲ್ಲ, ಆದರೆ ಇದಕ್ಕೆ ಬಾಲವೇ ಹುಟ್ಟು, ಬಾಲವೇ ಬರಗಾಲದ ಬುತ್ತಿ. ಅದು ಹೋದರೆ ಹೊಟ್ಟೆಯಲ್ಲಿರುವ ಮರಿಗಳಿಗೆ ಉಣ್ಣಲು ಏನೂ ಉಳಿಯುವುದಿಲ್ಲ.

"ಬಾಲ ಬಿಡೋ," ಎಂದಳು ರಾಣಿಯಮ್ಮ. ಅವನು ತಿರುಗಿ ನೋಡುವಷ್ಟರಲ್ಲಿ ಅವಳು ಬೂಟು ಸಮೇತ ನೀರಿನಲ್ಲಿದ್ದಳು. ಅವನ ಮಣಿಕಟ್ಟು ಹಿಡಿದು, ಬೆರಳು ಒಂದೊಂದಾಗಿ ಬಿಡಿಸಿ, ಪ್ರಾಣಿಯನ್ನು ಹೆಗಲ ಹಿಂದೆ ಹಿಡಿದು ಅಂಗೈ ಮೇಲೆ ಮಲಗಿಸಿಕೊಂಡಳು. ಅದು ಸುಮ್ಮನಿರಲಿಲ್ಲ. ತಲೆ ತಿರುಗಿಸಿ ಅವಳ ಹೆಬ್ಬೆರಳನ್ನು ಕಚ್ಚಿ ಹಾಗೇ ಜೋತಾಡಿತು. ಸಣ್ಣ ರಕ್ತದ ಗೆರೆ ಇಳಿಯಿತು. ನೀರಿನವರೆಲ್ಲ ಹತ್ತಿರ ಬಂದು ಬಗ್ಗಿದರು. ಅವಳು ಅವರಿಗೆ ಬೈಯುತ್ತಲೇ ತೋರಿಸಿದಳು: ಇದು ಏಣು, ಇದು ಹೊಳ್ಳೆ, ಇಲ್ಲಿ ಮುಟ್ಟಿ ನೋಡಿ, ಮೆಲ್ಲಗೆ, ಒಳಗೆ ಗುಂಡುಗುಂಡಗೆ ಸಿಗೋದು ಮರಿಗಳು.

"ನೋವಾಯ್ತಾ ಅತ್ತಿಗೆ?" ಎಂದ ಮೈದುನ. "ಇಷ್ಟೆಲ್ಲ ಮಾಡಿದವರನ್ನೇ ಕಚ್ಚುತ್ತಲ್ಲ ಇದು."

"ಕಚ್ಚದೆ ಇನ್ನೇನು ಮಾಡುತ್ತೆ," ಎಂದಳು ಅವಳು, ಬೆರಳು ಬಿಡಿಸಿಕೊಳ್ಳದೆ. "ಇದರ ಜಾಗದಲ್ಲಿ ನಾನಿದ್ದಿದ್ರೆ ನಮ್ಮಿಬ್ಬರ ವಿಭಾಗನೂ ಕಚ್ತಿದ್ದೆ."